ಪ್ರೊಜೆಕ್ಟರ್ ಕಂಡ ತರಬೇತಿ

ತಂತ್ರಜ್ಞಾನ ಬಳಸಿ ಪಾಠ ಮಾಡಲು ಶಿಕ್ಷಕರಿಗೆ ಕೊಡುವ ತರಬೇತಿಗೆ ಪ್ರೌಢಶಾಲೆಯ ಪ್ರೊಜೆಕ್ಟರಿಗಿಂತ ಹಳೆಯ ಸಾಕ್ಷಿ ಸಿಗುವುದು ಕಷ್ಟ. ಅದರೊಂದಿಗೆ ಸಂದರ್ಶನ ನಡೆದದ್ದು ಅದನ್ನಿಟ್ಟ ಬೀರುವಿನ ಬಾಗಿಲ ಸಂದಿಯಲ್ಲಿ. ಕೀಲಿ ಮುಖ್ಯೋಪಾಧ್ಯಾಯರ ಬಳಿ ಇತ್ತು, ಅವರು ಅನ್ಯಕಾರ್ಯ ನಿಮಿತ್ತ (ಒಒಡಿ) ತರಬೇತಿಗೆ ಹೋಗಿದ್ದರು.

ಆರೋಗ್ಯ ವಿಚಾರಿಸಿದಾಗ, ಸ್ಟಾಕ್ ರಿಜಿಸ್ಟರಿನಲ್ಲಿ ತನ್ನ ಹೆಸರಿನ ಮುಂದೆ ‘ಸುಸ್ಥಿತಿಯಲ್ಲಿದೆ’ ಎಂದು ಬರೆದಿದೆ, ಕೆಟ್ಟರೆ ಯಾರ ಸಂಬಳದಿಂದ ವಸೂಲಿ ಎಂಬ ಭಯವೇ ಅದಕ್ಕೆ ಕಾರಣ ಎಂದು ಅದು ತಿಳಿಸಿತು.

ತರಬೇತಿಯ ಚರಿತ್ರೆ ಅದಕ್ಕೆ ಬಾಯಿಪಾಠ. 2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹ ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೆ ಆಕಾಶದಿಂದಲೇ ಪಾಠ ಕಳಿಸಿತು. 2017ರಲ್ಲಿ ದೀಕ್ಷಾ ಪೋರ್ಟಲ್, 2019ರಲ್ಲಿ ಶಿಕ್ಷಕರ ತರಬೇತಿ ಕಾರ್ಯಕ್ರಮ ನಿಷ್ಠಾ ಬಂದವು. ಕೋವಿಡ್ ಬಂದದ್ದೇ ನಿಷ್ಠಾ ಮೊಬೈಲಿಗೆ ಇಳಿಯಿತು. ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಅಭಿವೃದ್ಧಿಗೆ ಕೊಡಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಕಲಿತದ್ದನ್ನು ಅಳೆಯುವುದು ಕಷ್ಟ, ಗಂಟೆ ಎಣಿಸುವುದು ಸುಲಭ. ಇಲಾಖೆ ಸುಲಭದ್ದನ್ನೇ ಹಿಡಿಯಿತು ಎಂಬುದು ಪ್ರೊಜೆಕ್ಟರಿನ ವ್ಯಾಖ್ಯಾನ.

ಆನ್‌ಲೈನ್ ಕೋರ್ಸನ್ನೂ ಅದು ಹತ್ತಿರದಿಂದ ಕಂಡಿದೆ. ನೀರಿನ ಬಾಟಲಿಗೆ ಒರಗಿಸಿದ ಮೊಬೈಲಿನಲ್ಲಿ ವಿಡಿಯೊ ತನ್ನ ಪಾಡಿಗೆ ಓಡುತ್ತದೆ, ಶಿಕ್ಷಕರು ಉತ್ತರಪತ್ರಿಕೆ ತಿದ್ದುತ್ತಾರೆ. ಕೊನೆಯ ಪ್ರಶ್ನೆಗಳ ಉತ್ತರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲೇ ಬಂದು ಕೂತಿರುತ್ತದೆ. ಇದು ಸೋಮಾರಿತನವಲ್ಲ. ಬಿಸಿಯೂಟದ ಲೆಕ್ಕ, ಸಮೀಕ್ಷೆ, ಚುನಾವಣಾ ಕೆಲಸ ಎಲ್ಲ ಮುಗಿದ ಮೇಲೆ ಉಳಿಯುವ ಹೊತ್ತೇ ಅಷ್ಟು.

ಕೆಲಸಕ್ಕೆ ಬಂದ ತರಬೇತಿ ಒಂದೂ ಇಲ್ಲವೇ ಎಂಬ ಪ್ರಶ್ನೆಗೆ ಮಾತ್ರ ಅದು ಉತ್ಸಾಹದಿಂದ ಉತ್ತರಿಸಿತು. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ (ಡಯಟ್) ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶ ಕಲಿತು ಬಂದ ಗಣಿತ ಶಿಕ್ಷಕಿಯೊಬ್ಬರು ಪರದೆಯ ಮೇಲಿನ ತ್ರಿಭುಜದ ಒಂದು ಶೃಂಗವನ್ನು ಮೌಸಿನಿಂದ ಎಳೆದರು. ಮೂರೂ ಕೋನ ಬದಲಾದವು, ಮೊತ್ತ 180 ಡಿಗ್ರಿಯಿಂದ ಅಲುಗಲಿಲ್ಲ. ಕೊನೆಯ ಬೆಂಚಿನ ಹುಡುಗ ನಂಬದೆ ಎದ್ದು ಬಂದು, ತ್ರಿಭುಜವನ್ನು ಕಡ್ಡಿಯಷ್ಟು ಸಪೂರವಾಗುವವರೆಗೆ ಎಳೆದು ನೋಡಿದ. ಡಯಟ್ ಆಕೆಗೆ ಕಲಿಸಿದ್ದು ತಂತ್ರಾಂಶವನ್ನಷ್ಟೆ. ಅದನ್ನು ಪಾಠದ ಯಾವ ಘಟ್ಟದಲ್ಲಿ ತರಬೇಕು, ಯಾವಾಗ ಆರಿಸಿ ಕಪ್ಪುಹಲಗೆಗೆ ಮರಳಬೇಕು ಎಂಬುದನ್ನು ಪಕ್ಕದ ಶಾಲೆಯ ಗಣಿತ ಮೇಷ್ಟ್ರೊಂದಿಗೆ ಸಂಜೆ ಕೂತು, ಮಾಡಿ ಕೆಡಿಸಿ ಕಲಿತರು. ಆ ಸಂಜೆಗಳನ್ನು ತುಂಬಲು ಪೋರ್ಟಲಿನಲ್ಲಿ ಕಾಲಂ ಇರಲಿಲ್ಲ.

ಇಷ್ಟು ತರಬೇತಿಗಳಲ್ಲಿ ಮೊದಲಿಂದ ಕೊನೆಯವರೆಗೆ ಕಣ್ಣು ಮುಚ್ಚದೆ ಹಾಜರಿದ್ದದ್ದು ತಾನೊಬ್ಬನೇ ಎಂದು ಪ್ರೊಜೆಕ್ಟರ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿತ್ತು. ಸರ್ಕಾರಿ ನೌಕರರಿಗಿರುವ ಕೆಜಿಐಡಿ ನಂಬರ್ ಇಲ್ಲವೆಂದು ಅರ್ಜಿ ವಾಪಸಾಯಿತು.