ಹಗ್ಗ ಎಳೆಸುವವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಸಮಸ್ತ ಕಂಪನಿಗಳ ಎಚ್‌ಆರ್ ಮುಖ್ಯಸ್ಥರ ಸನ್ನಿಧಾನಕ್ಕೆ,

ಶನಿವಾರ ಬೆಳಗಾಗುತ್ತಲೇ ಸಿಬ್ಬಂದಿಯನ್ನು ಬಸ್ಸು ಹತ್ತಿಸಿ, ಊರಾಚೆಯ ರೆಸಾರ್ಟಿಗೆ ಸಾಗಿಸಿ, 'ನಾವೆಲ್ಲ ಒಂದೇ ತಂಡ' ಎಂಬ ಟೀ ಶರ್ಟು ತೊಡಿಸಿ ಹಗ್ಗಜಗ್ಗಾಟ ಆಡಿಸುವ ತಮ್ಮ ಉತ್ಸಾಹಕ್ಕೆ ಶರಣು. (ಒಂದೇ ತಂಡ ನಿಜ, ಟೀ ಶರ್ಟಿನ ಅಳತೆಯೂ ಒಂದೇ ಯಾಕೆ?) ಆದರೆ ಹಗ್ಗ ಹಿಡಿಸುವ ಮುನ್ನ ಅದರ ಜಾತಕ ನೋಡಬೇಕಿತ್ತು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮಾನ್ ಜನರಿಂದ ಹಗ್ಗ ಎಳೆಸಿ ಅಳೆದು 1913ರಲ್ಲಿ ಪ್ರಕಟಿಸಿದ ಲೆಕ್ಕ ಹೇಳುವುದು ತದ್ವಿರುದ್ಧ: ಕೈಗಳು ಹೆಚ್ಚಿದಷ್ಟೂ ತಲಾ ಎಳೆತ ಕಡಿಮೆ. ಎಂಟು ಮಂದಿ ಸೇರಿದರೆ ತಲಾ ಕೊಡುಗೆ ಅರ್ಧಕ್ಕೆ ಇಳಿಯುತ್ತದೆ. ಸಂಘಶಕ್ತಿಗೆ ತಾವು ತರುವ ಸಾಕ್ಷಿಯೇ ಎದುರು ಪಕ್ಷದ್ದು.

ತಂಡ ಪರೀಕ್ಷೆಗೆ ಕೂರುವುದು ಸೋಮವಾರದ ಮೀಟಿಂಗಿನಲ್ಲಿ. 'ಮೊನ್ನೆ ತಪ್ಪಿದ್ದು ನನ್ನಿಂದ' ಎಂದು ಒಬ್ಬಳು ಹೇಳಿದಾಗ ಉಳಿದವರು ಲ್ಯಾಪ್‌ಟಾಪಿನತ್ತ ಮುಖ ತಗ್ಗಿಸುತ್ತಾರೋ, ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೋ ನೋಡಿ. 1990ರ ದಶಕದಲ್ಲಿ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಯ ತಂಡಗಳಲ್ಲಿ ಔಷಧಿಯ ಎಡವಟ್ಟುಗಳನ್ನು ಎಣಿಸಲು ಹೊರಟಾಗ, ಒಳ್ಳೆಯ ತಂಡಗಳ ಹೆಸರಿನಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದವು. ಅವರು ಹೆಚ್ಚು ತಪ್ಪುತ್ತಿದ್ದರು ಎಂದಲ್ಲ, ಮುಚ್ಚಿಡುತ್ತಿರಲಿಲ್ಲ ಎಂಬುದು ಆಕೆ ಕಂಡುಕೊಂಡ ಕಾರಣ. ಗೂಗಲ್ ತನ್ನ 180 ತಂಡಗಳನ್ನು ಜಾಲಾಡಿದಾಗಲೂ, ತಂಡದಲ್ಲಿ ಯಾರಿದ್ದಾರೆ ಎನ್ನುವುದಕ್ಕಿಂತ ಹೆದರದೆ ಬಾಯಿ ಬಿಡಬಹುದೇ ಎಂಬುದೇ ದೊಡ್ಡದೆನಿಸಿತು.

ಇನ್ನು ಅಪ್ರೈಸಲ್. ಶನಿವಾರ ಒಂದೇ ಹಗ್ಗ ಹಿಡಿದವರಲ್ಲಿ ಇಂತಿಷ್ಟು ಮಂದಿ ಬಾಲದಲ್ಲಿರಲೇಬೇಕೆಂದು ಮಾರ್ಚಿನಲ್ಲಿ ಬೆಲ್ ಕರ್ವ್ ಎಳೆಯುತ್ತೀರಿ. ಪಕ್ಕದವನಿಗೆ ಕೆಲಸ ಕಲಿಸಿದವಳು ತನ್ನ ರೇಟಿಂಗಿಗೆ ತಾನೇ ಕಲ್ಲು ಹಾಕಿಕೊಂಡಂತೆ. ಇಂಥ ಕಡ್ಡಾಯ ಶ್ರೇಣಿಯನ್ನು ಮೈಕ್ರೋಸಾಫ್ಟ್ 2013ರಲ್ಲೇ ಕೈಬಿಟ್ಟಿತು. 'ಹಾಗಾದರೆ ಮೈಗಳ್ಳರನ್ನು ಹಿಡಿಯುವುದು ಹೇಗೆ?' ಎನ್ನುತ್ತೀರಿ. ಪ್ರಶ್ನೆ ನ್ಯಾಯವೇ, ಗುಂಪಿನಲ್ಲಿ ಮೈಗಳ್ಳತನ ಉಂಟೆಂದು ಹಗ್ಗದ ಲೆಕ್ಕವೇ ಅನುಮಾನ ಹುಟ್ಟಿಸಿತ್ತು. ಯಾರ ಪಾಲು ಎಷ್ಟೆಂದು ಕಾಣುವಂತಿದ್ದರೆ ಅದು ತಗ್ಗುತ್ತದೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಪಾಲು ಕಾಣಿಸಲು ಕೆಲಸವನ್ನು ಸ್ಪಷ್ಟವಾಗಿ ಹಂಚಿದರೆ ಸಾಕು, ಒಬ್ಬರನ್ನು ಬಲಿ ಕೊಡಬೇಕಿಲ್ಲ. 'ಮೋಜು ಬೇಡವೇ?' ಎಂದರೆ, ಬೇಕು. ಅದನ್ನು ಮೋಜೆಂದೇ ಕರೆಯಿರಿ, ಬರದವರ ಹಾಜರಿ ಕೇಳಬೇಡಿ.

ಕರ್ವ್ ತೆಗೆಯುವುದು ಈ ವರ್ಷ ಆಗದಿದ್ದರೆ, ಮುಂದಿನ ಟೀ ಶರ್ಟಿನ ಬೆನ್ನಿಗೆ ಅವರವರ ರೇಟಿಂಗನ್ನಾದರೂ ಅಚ್ಚು ಹಾಕಿಸಿ. ಹಗ್ಗದ ಯಾವ ತುದಿಗೆ ಯಾರು ನಿಲ್ಲಬೇಕೆಂದು ಆಗ ಕೂಗಿ ಹೇಳಬೇಕಾಗುವುದಿಲ್ಲ.

ಇಂತಿ,
ಬಾಲದ ತುದಿಯಿಂದ ಒಬ್ಬ ವಿಧೇಯ