ಮಿಣುಕುವ ಅಕ್ಷರ, ಒಡಕು ಗಿಟಾರು

ರಾಕ್ ಸಂಗೀತದ ಹುಚ್ಚು, ಹಳೆಯ ವೆಬ್‌ಸೈಟುಗಳ ಹುಚ್ಚು ಎರಡೂ ಒಂದೇ ತಲೆಗೆ ಹತ್ತಿದರೆ ಮನೆಯವರು ಆ ತಲೆಯ ಬಗ್ಗೆ ಚಿಂತಿಸುವುದು ಸಹಜ. ಅದೂ ಪುಣೆಯ ಖಡಕಿಯಂಥ ಶಿಸ್ತಿನ ಊರಿನಲ್ಲಿ. 1817ರ ನವೆಂಬರ್ 5ರಂದು ಪೇಶ್ವೆಯ ಸೇನೆಗೂ ಕಂಪನಿಯ ಸೇನೆಗೂ ಇಲ್ಲಿ ಕಾಳಗವಾಯಿತು. ಗೆದ್ದವರು ಇಲ್ಲೇ ದಂಡು ಹೂಡಿದರು, 1869ರಲ್ಲಿ ಮದ್ದುಗುಂಡಿನ ಕಾರ್ಖಾನೆಯೂ ಬಂತು. ಬಾಂಬೆ ಸ್ಯಾಪರ್ಸ್ ಪಡೆಗೆ ಇದೇ ತವರು. ದಂಡಿನ ರಸ್ತೆಗಳಲ್ಲಿ ಆಲವಿರಲಿ, ಬೇವಿರಲಿ, ಮರಗಳೆಲ್ಲ ಗೇರು-ಸುಣ್ಣದ ಸಮವಸ್ತ್ರ ತೊಟ್ಟು ಸಾಲಾಗಿ ನಿಂತಿರುತ್ತವೆ. ಅದೇ ಖಡಕಿ ಬಜಾರಿಗೆ ಕಾಲಿಟ್ಟರೆ ಒಂದು ಬೋರ್ಡಿನ ಮೇಲೆ ಇನ್ನೊಂದು ಬೋರ್ಡು, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ. ನನ್ನ ವಾದ ಇಷ್ಟೇ: ಇವತ್ತಿನ ಅಂತರ್ಜಾಲ ದಂಡು, ತೊಂಬತ್ತರ ದಶಕದ ಅಂತರ್ಜಾಲ ಬಜಾರು, ರಾಕ್ ಸಂಗೀತವೂ ಬಜಾರಿನ ಕೂಸೇ. ಎರಡರ ಸೊಗಸೂ ಇರುವುದು, ಮುಚ್ಚಿಡಲು ಒಪ್ಪದ ಅವುಗಳ ದೋಷದಲ್ಲಿ.

ಮೊದಲು ಗಿಟಾರಿನ ವಿಚಾರಕ್ಕೆ ಬರೋಣ. ರಾಕ್ ಗಿಟಾರಿನ ಆ ಗರಗರ ಸದ್ದನ್ನು ಯಾವ ಪಂಡಿತನೂ ಕುಳಿತು ಯೋಚಿಸಿ ಕಂಡುಹಿಡಿದದ್ದಲ್ಲ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡೊಂದು ಧ್ವನಿಮುದ್ರಣವಾಗುವಾಗ ಸ್ಟುಡಿಯೋದ ಯಂತ್ರ ಕೆಟ್ಟಿತು. ಗಿಟಾರು ಗಂಟಲು ಕಟ್ಟಿದಂತೆ ಒರಲಿತು. ಅದನ್ನು ಅಳಿಸುವ ಬದಲು ಹಾಗೇ ಉಳಿಸಿಕೊಂಡರು. 1961ರಲ್ಲಿ ಹಾಡು ಗೆದ್ದಿತು. ಮರುವರ್ಷ ಗಿಬ್ಸನ್ ಕಂಪನಿ ಅದೇ ಕೆಟ್ಟ ಸದ್ದನ್ನು ಬೇಕೆಂದೇ ಹೊರಡಿಸುವ ಪೆಟ್ಟಿಗೆಯನ್ನು ಮಾರಾಟಕ್ಕಿಟ್ಟಿತು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವೀಸ್ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ ನುಡಿಸಿದ. ರಿಪೇರಿಗೆ ಕೊಡಬೇಕಾದದ್ದು ರೆಕಾರ್ಡಿಗೆ ಹೋಯಿತು, ಅಲ್ಲಿಂದ ಮುಂದಿನ ಹೆವಿ ಮೆಟಲ್ ಪರಂಪರೆ ಅದಕ್ಕೆ ಋಣಿಯಾಯಿತು. ಶ್ರುತಿಶುದ್ಧವಾದ ವಾದ್ಯಕ್ಕೆ ಹೇಳಲಾಗದ ಕೋಪ, ತಳಮಳ, ಹರೆಯದ ಅಸಹನೆ ಆ ಒಡಕು ದನಿಯಲ್ಲಿ ಸಲೀಸಾಗಿ ಹೊರಬಂತು.

ವೆಬ್ ವಿನ್ಯಾಸದ ಚರಿತ್ರೆಯೂ ಇದೇ ತಾಳಕ್ಕೆ ಕುಣಿದಿದೆ. 1994ರಲ್ಲಿ ನೆಟ್‌ಸ್ಕೇಪ್‌ನ ಎಂಜಿನಿಯರ್ ಲೂ ಮೊಂಟುಲ್ಲಿ ಬಾರೊಂದರಲ್ಲಿ ಕುಳಿತು, ಅಕ್ಷರಗಳು ಮಿಣುಕುವಂತೆ ಮಾಡಿದರೆ ಹೇಗೆ ಎಂದು ತಮಾಷೆಗೆ ಹೇಳಿದರು. ಸಹೋದ್ಯೋಗಿಯೊಬ್ಬರು ರಾತ್ರೋರಾತ್ರಿ ಅದನ್ನು ನಿಜ ಮಾಡಿಟ್ಟರು. ಹೀಗೆ ಹುಟ್ಟಿದ ‘ಬ್ಲಿಂಕ್’ ಟ್ಯಾಗು ಲೋಕದ ಕಣ್ಣನ್ನು ವರ್ಷಗಟ್ಟಲೆ ಕುಕ್ಕಿತು. ಅದೇ ಕಾಲದ ಜಿಯೋಸಿಟೀಸ್‌ನಲ್ಲಿ ಪುಕ್ಕಟೆ ಜಾಗ ಸಿಗುತ್ತಿತ್ತು. ಅಲ್ಲಿ ಓಣಿಗಳಿದ್ದವು, ಮನೆ ನಂಬರುಗಳಿದ್ದವು. ರಾಕ್ ಪ್ರಿಯರ ಓಣಿಯ ಹೆಸರು ‘ಸನ್‌ಸೆಟ್ ಸ್ಟ್ರಿಪ್’. ಕಪ್ಪು ಹಿನ್ನೆಲೆ, ಉರಿಯುವ ಜ್ವಾಲೆಯ ಚಿತ್ರ, ‘ಕಾಮಗಾರಿ ನಡೆಯುತ್ತಿದೆ’ ಎಂಬ ಹಳದಿ ಫಲಕ, ಅಡಿಯಲ್ಲಿ ಬಂದುಹೋದವರ ಲೆಕ್ಕ. ರಾಕ್ ತಂಡಗಳಿಗಂತೂ ಈ ಹೊಸ ಮಾಧ್ಯಮ ಮೊದಲೇ ಒಗ್ಗಿತ್ತು. 1993ರ ಜೂನ್ 24ರಂದು ಅಂತರ್ಜಾಲದಲ್ಲಿ ಮೊಟ್ಟಮೊದಲು ನೇರಪ್ರಸಾರದ ಕಛೇರಿ ಕೊಟ್ಟದ್ದು ಕಂಪ್ಯೂಟರ್ ಎಂಜಿನಿಯರುಗಳೇ ಕಟ್ಟಿಕೊಂಡ ‘ಸಿವಿಯರ್ ಟೈರ್ ಡ್ಯಾಮೇಜ್’ ಎಂಬ ತಂಡ. ಮರುವರ್ಷ ನವೆಂಬರಿನಲ್ಲಿ ರೋಲಿಂಗ್ ಸ್ಟೋನ್ಸ್ ಅದೇ ಜಾಲದಲ್ಲಿ ಪ್ರಸಾರಕ್ಕೆ ಸಜ್ಜಾದಾಗ ಈ ಮಹನೀಯರು ಕರೆಯದೆಯೇ ಮುಂಚೆ ಹೋಗಿ ನುಡಿಸಿಬಿಟ್ಟರು. ಚಿತ್ರದ ಗಾತ್ರ ಅಂಚೆಚೀಟಿಯಷ್ಟು, ಅದೂ ಕುಂಟುತ್ತ ಓಡುತ್ತಿತ್ತು. ಆದರೂ ಬಾಗಿಲಲ್ಲಿ ತಡೆಯುವವರಿಲ್ಲದ ಸಭೆ ಅದು.

ಇಂಗ್ಲಿಷಿನವರದ್ದಾಯಿತು, ನಮ್ಮದೇನು ಎಂದರೆ, ನಾವೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಖಡಕಿಗೆ ಹತ್ತಿರದ ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿ ಬಹುಕಾಲ ನೆಲೆಸಿದ್ದ ಸಿ-ಡ್ಯಾಕ್ ಸಂಸ್ಥೆ, ಭಾರತದ ಭಾಷೆಗಳನ್ನು ಕಂಪ್ಯೂಟರಿಗೆ ಕಲಿಸಲು ಬೆವರು ಸುರಿಸಿತು. ಆದರೆ ಯೂನಿಕೋಡ್ ಬಳಕೆಗೆ ಬರುವ ತನಕ ಪತ್ರಿಕೆಗೊಂದು ಫಾಂಟು, ಕಚೇರಿಗೊಂದು ಫಾಂಟು. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ: ‘ಕನ್ನಡ’ ಎಂದಿರಬೇಕಾದಲ್ಲಿ ಒಂದು ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ನಡುವೆ ಬ್ರಿಟಿಷರ ಪೌಂಡ್ ಗುರುತು, ಅದರಾಚೆ ಜರ್ಮನರ ಒಂದು ಅಕ್ಷರ. ಹೆವಿ ಮೆಟಲ್ ತಂಡಗಳು ಭಯಂಕರವಾಗಿ ಕಾಣಲೆಂದೇ ಹೆಸರಿನ ಸ್ವರಗಳ ಮೇಲೆ ಜೋಡಿ ಚುಕ್ಕೆ ಇಟ್ಟುಕೊಳ್ಳುತ್ತವೆ. ಮೋಟರ್‌ಹೆಡ್ ಇಟ್ಟುಕೊಂಡಿತು, ಮೋಟ್ಲಿ ಕ್ರೂ ಎರಡೆರಡು ಕಡೆ ಇಟ್ಟುಕೊಂಡಿತು. ಉಚ್ಚಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಅವರು ತಲೆಕೆಡಿಸಿಕೊಂಡು ಗಳಿಸಿದ ಆ ಉಗ್ರರೂಪ ನಮ್ಮ ತಾಲ್ಲೂಕು ಕಚೇರಿಯ ಸುತ್ತೋಲೆಗೆ ಪುಕ್ಕಟೆಯಾಗಿ ಒದಗಿತ್ತು.

ಇಲ್ಲಿ ಆಕ್ಷೇಪಗಳು ಏಳುತ್ತವೆ. ಭೀಮಸೇನ ಜೋಶಿಯವರು ಬಾಳಿದ ಪುಣೆಯಲ್ಲಿದ್ದುಕೊಂಡು, ಕುಂದಗೋಳದ ಸವಾಯಿ ಗಂಧರ್ವರ ಹೆಸರಿನ ಉತ್ಸವ ನಡೆಯುವ ಊರಿನಲ್ಲಿ ಈ ಪರದೇಶಿ ಗದ್ದಲವೇ ಎಂಬುದು ಮೊದಲನೆಯದು. ಅದೇ ಉತ್ಸವದ ವೇದಿಕೆಯಲ್ಲಿ ಗಾಯಕರ ಪಕ್ಕ ಕೂರುವ ಹಾರ್ಮೋನಿಯಂ ಕೂಡ ಯುರೋಪಿನದೇ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದ ದೋಷಿಯೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಟ್ಟಿ ದಶಕಗಳ ಕಾಲ ದೂರವಿಟ್ಟಿತ್ತು; ವಾದ್ಯ ಮಾತ್ರ ಕದಲಲಿಲ್ಲ. ಶಿಶುನಾಳ ಶರೀಫರ ತತ್ವಪದಗಳನ್ನು ರಘು ದೀಕ್ಷಿತ್ ಗಿಟಾರು, ಡ್ರಮ್ಮಿನ ಜೊತೆ ಹಾಡಿದಾಗಲೂ ಶರೀಫರಿಗೆ ಕುಂದೇನೂ ಬರಲಿಲ್ಲ. ಎರಡನೆಯ ಆಕ್ಷೇಪ ತೂಕದ್ದು: ಮಿಣುಕುವ ಪುಟ ಅಪಸ್ಮಾರ ಇರುವವರಿಗೆ ಅಪಾಯ, ದೃಷ್ಟಿ ಮಂದವಾದವರಿಗೆ ಹಿಂಸೆ. ಒಪ್ಪಿದೆ. ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಏನೂ ಮಿನುಗಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ರೈಲು ಟಿಕೆಟು, ಪಿಂಚಣಿ, ಆಸ್ಪತ್ರೆಯ ಪುಟಗಳು ದಂಡಿನ ಶಿಸ್ತಿನಲ್ಲೇ ಇರಲಿ. ತಮಾಷೆಯೆಂದರೆ ಮಿನುಗುವ ‘ನ್ಯೂ’ ಚಿತ್ರ, ಅಡ್ಡಡ್ಡ ಓಡುವ ಸಾಲುಗಳು ಈಗಲೂ ಉಳಿದಿರುವುದು ಸರ್ಕಾರಿ ವೆಬ್‌ಸೈಟುಗಳಲ್ಲೇ; ಅವು ಇರಬೇಕಾದ ಖಾಸಗಿ ಪುಟಗಳು ಮಾತ್ರ ಬಿಳಿ ಗೋಡೆ, ಬೂದು ಅಕ್ಷರಗಳ ಸನ್ಯಾಸ ಹಿಡಿದಿವೆ. ಹಳೆಯದೆಲ್ಲ ಚಿನ್ನವೆಂಬ ಹಳಹಳಿಕೆ ಇದು ಎನ್ನುವವರು ಮೂರನೆಯವರು. ಹಾಗಲ್ಲ. ಆ ಪುಟಗಳಲ್ಲಿ ಮುಕ್ಕಾಲು ಪಾಲು ಕಸವೇ, ಗ್ಯಾರೇಜಿನ ರಾಕ್ ತಂಡಗಳಲ್ಲೂ ಮುಕ್ಕಾಲು ಪಾಲು ಕಿವಿಗೆ ಶಿಕ್ಷೆಯೇ. ಆದರೆ ಉಳಿದ ಕಾಲು ಪಾಲು ಹುಟ್ಟಬೇಕಾದರೆ ಆ ಮುಕ್ಕಾಲನ್ನು ಸಹಿಸಿಕೊಳ್ಳುವ ಬಜಾರು ಇರಬೇಕು.

ಆ ಬಜಾರು ಈಗ ಬಿಕೋ ಎನ್ನುತ್ತಿದೆ. ಯಾಹೂ ಕೊಂಡುಕೊಂಡ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಸ್ವಯಂಸೇವಕರು ನಕಲು ಮಾಡಿಟ್ಟುಕೊಂಡ ಪುಟಗಳಷ್ಟೇ ಉಳಿದವು. 2013ರಲ್ಲಿ ಫೈರ್‌ಫಾಕ್ಸ್ ‘ಬ್ಲಿಂಕ್’ಗೆ ತಿಲಾಂಜಲಿ ಕೊಟ್ಟಿತು. ಈಗ ನಮ್ಮ ಫೋಟೋ, ನಮ್ಮ ಸಿಟ್ಟು, ನಮ್ಮ ಹಾಡಿನ ರುಚಿ ಎಲ್ಲವೂ ಒಂದೇ ಅಳತೆಯ ಚೌಕದೊಳಗೆ, ಯಾರೋ ಆರಿಸಿದ ಫಾಂಟಿನಲ್ಲಿ. ನಮ್ಮ ಮಕ್ಕಳು ಗಿಟಾರು ಕಲಿಯಲಿ ಎಂದು ಕ್ಲಾಸಿಗೆ ಕಳಿಸುತ್ತೇವೆ. ಜೊತೆಗೆ ಅವರದೇ ಒಂದು ವೆಬ್ ಪುಟವನ್ನೂ ಕೈಯಾರೆ ಕಟ್ಟಲು ಬಿಡಿ. ಬಣ್ಣ ಹೊಂದದಿದ್ದರೆ ಹೊಂದದಿರಲಿ, ಅಕ್ಷರ ಓಡುವುದಾದರೆ ಓಡಲಿ. ಇದಕ್ಕೆ ಬೇಕಾದ ‘ಮಾರ್ಕ್ಯೂ’ ಟ್ಯಾಗನ್ನು ವೆಬ್‌ನ ನಿಯಮಾವಳಿ ಹಳತೆಂದು ಎಂದೋ ಸಾರಿದೆ. ಬ್ರೌಸರುಗಳು ಮಾತ್ರ ಇವತ್ತಿಗೂ ಅದನ್ನು ಓಡಿಸುತ್ತವೆ.