ಮುದ್ರೆಗಾಗಿ ಆರುನೂರು ಕಿಲೋಮೀಟರ್

ದೀರ್ಘದೂರದ ಸೈಕಲ್ ಸವಾರಿಯನ್ನು ಕ್ರೀಡೆಗಳ ಪಟ್ಟಿಗೆ ಸೇರಿಸುವುದು ವಾಡಿಕೆಯಾಗಿದ್ದರೂ, ಅದರ ನಿಯಮಾವಳಿಯನ್ನು ಸಾವಧಾನವಾಗಿ ಓದಿದವರಿಗೆ ಅದು ಕ್ರೀಡೆಗಿಂತ ಹೆಚ್ಚಾಗಿ ಕಚೇರಿ ವ್ಯವಹಾರದ ಒಂದು ಶಾಖೆಯಂತೆ ತೋರಿದರೆ ಆಶ್ಚರ್ಯಪಡಬೇಕಾದ್ದಿಲ್ಲ. ಮಡಚಿದ ಒಂದು ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು, ಗೊತ್ತುಪಡಿಸಿದ ಊರುಗಳಲ್ಲಿ ಗೊತ್ತುಪಡಿಸಿದ ವೇಳೆಯೊಳಗೆ ಅದಕ್ಕೆ ಮುದ್ರೆ ಒತ್ತಿಸಿಕೊಂಡು, ಕೊನೆಗೆ ಅದನ್ನು ಸಹಿ ಸಮೇತ ಹಿಂದಿರುಗಿಸುವುದೇ ಇದರ ಸಾರ. ನಡುವೆ ಇನ್ನೂರರಿಂದ ಆರುನೂರು ಕಿಲೋಮೀಟರುಗಳವರೆಗೆ ಸೈಕಲ್ ತುಳಿಯಬೇಕಾಗಿ ಬರುವುದು ಆ ವ್ಯವಹಾರದ ಒಂದು ಅನಿವಾರ್ಯ ಅಂಗವಷ್ಟೇ.

ಬಿಆರ್‌ಎಂ ಎಂಬ ಮೂರಕ್ಷರಗಳಿಂದ ಸವಾರರ ನಡುವೆ ಪರಿಚಿತವಾದ ಈ ಪದ್ಧತಿಯ ಕೇಂದ್ರ ಕಾರ್ಯಾಲಯ ಪ್ಯಾರಿಸ್ಸಿನಲ್ಲಿದೆ. 1904ರಲ್ಲಿ ಹುಟ್ಟಿದ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಎಂಬ ಸಂಘವು ವಿಧಿಸಿರುವ ಪ್ರಕಾರ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಗಳ ಗಡುವಿದ್ದು, ಈ ನಾಲ್ಕನ್ನೂ ಒಂದೇ ಋತುವಿನಲ್ಲಿ, ಅಂದರೆ ಫ್ರೆಂಚರ ಲೆಕ್ಕದಂತೆ ನವೆಂಬರಿನಿಂದ ಅಕ್ಟೋಬರಿನೊಳಗೆ, ಮುಗಿಸಿದವರಿಗೆ ಸೂಪರ್ ರಾಂದೊನರ್ ಎಂಬ ಬಿರುದು ಸಲ್ಲುತ್ತದೆ. ಈ ಅಂಕಿಗಳನ್ನು ಭಾಗಿಸಿ ನೋಡಿದಾಗ ಸರಾಸರಿ ವೇಗ ಗಂಟೆಗೆ ಸುಮಾರು 15 ಕಿಲೋಮೀಟರ್ ಎಂದು ಹೊರಬೀಳುವುದರಿಂದ, ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೂ ಇದಕ್ಕಿಂತ ಚುರುಕಾಗಿ ಹೋಗುತ್ತದೆಂಬ ಧೈರ್ಯದಿಂದ ಹಲವರು ಹೆಸರು ನೋಂದಾಯಿಸುತ್ತಾರೆ. ಊಟ, ಪಂಕ್ಚರ್, ನಿದ್ರೆ, ಪ್ರಕೃತಿಯ ಕರೆ, ದಾರಿ ತಪ್ಪುವುದು, ತಪ್ಪಿದ ದಾರಿಯ ಬಗ್ಗೆ ಜೊತೆಗಾರನೊಡನೆ ವಾದಿಸುವುದು ಇವೆಲ್ಲವೂ ಅದೇ ಗಡಿಯಾರದ ಖಾತೆಗೆ ಬೀಳುತ್ತವೆಂಬ ಸಂಗತಿ ಅವರಿಗೆ ತಿಳಿಯುವುದು ಶುಲ್ಕ ಪಾವತಿಯಾದ ಮೇಲೆ.

ಸಿದ್ಧತೆಯೆಂದರೆ ಕಾಲುಗಳನ್ನು ಬಲಪಡಿಸುವುದೆಂಬ ನಂಬಿಕೆ ವ್ಯಾಪಕವಾಗಿದೆ; ಆದರೆ ನಲವತ್ತು ಗಂಟೆಗಳ ಸವಾರಿಯಲ್ಲಿ ನಿಜವಾದ ಪರೀಕ್ಷೆ ಕುಳಿತುಕೊಳ್ಳುವ ಅಂಗದ್ದು. ಒಳಗೆ ಮೆತ್ತೆಯಿರುವ, ಒಳಉಡುಪಿಲ್ಲದೆ ಧರಿಸಬೇಕಾದ ವಿಶೇಷ ಚಡ್ಡಿ, ತೊಡೆಸಂದುಗಳ ಚರ್ಮ ಉಜ್ಜಿ ಕೆಂಪಾಗದಂತೆ ಹಚ್ಚುವ ಮುಲಾಮು, ತಿಂಗಳುಗಟ್ಟಲೆ ಸವಾರಿಯ ನಂತರ ಸವಾರನ ಆಕಾರಕ್ಕೆ ಒಗ್ಗುತ್ತದೆಂದು ಹೇಳಲಾಗುವ, ಆದರೆ ಬಹುಪಾಲು ಸಂದರ್ಭಗಳಲ್ಲಿ ಸವಾರನೇ ಅದರ ಆಕಾರಕ್ಕೆ ಒಗ್ಗುವ ಚರ್ಮದ ಸೀಟು, ಇವೆಲ್ಲವನ್ನೂ ಕೂಡಿಸುವಷ್ಟರಲ್ಲಿ ಒಂದು ಸಾಧಾರಣ ಮೋಟಾರು ಸೈಕಲ್ಲಿನ ಮೊದಲ ಕಂತಿಗೆ ಸಾಲುವಷ್ಟು ಹಣ ಖರ್ಚಾಗಿರುತ್ತದೆ. ಈ ವಿಷಯವನ್ನು ಮನೆಯ ಹಿರಿಯರು ಗಮನಿಸದೆ ಇರುವುದಿಲ್ಲ. ಎಲ್ಲಿಂದ ಹೊರಟರೋ ಅಲ್ಲಿಗೇ ಮರಳುವ ಪ್ರಯಾಣಕ್ಕೆ ಹೊರಡುವುದಾದರೂ ಏಕೆ, ಮೊದಲು ಬಂದವರಿಗೆ ಕೊಡುವುದೇನು ಎಂಬ ಅವರ ಎರಡು ಪ್ರಶ್ನೆಗಳಿಗೆ ದೀರ್ಘದೂರ ಸವಾರಿಯ ಶಾಸ್ತ್ರದಲ್ಲಿ ಇದುವರೆಗೆ ಸಮರ್ಪಕ ಉತ್ತರ ದೊರೆತಿಲ್ಲ. ಎರಡನೆಯ ಪ್ರಶ್ನೆಗಂತೂ ಉತ್ತರವೇ ಇಲ್ಲ, ಏಕೆಂದರೆ ಬಿಆರ್‌ಎಂನಲ್ಲಿ ಮೊದಲನೆಯವನೆಂಬ ಸ್ಥಾನವೇ ಇಲ್ಲ.

ಮುದ್ರೆ ಒತ್ತುವ ಸ್ಥಳವನ್ನು ಕಂಟ್ರೋಲ್ ಎನ್ನುತ್ತಾರೆ. ಪ್ರತಿ ಕಂಟ್ರೋಲಿಗೂ ತೆರೆಯುವ ಮತ್ತು ಮುಚ್ಚುವ ವೇಳೆ ನಿಗದಿಯಾಗಿದ್ದು, ನೂರನೆಯ ಕಿಲೋಮೀಟರಿನದು ಸವಾರಿ ಹೊರಟ ಸುಮಾರು 3 ಗಂಟೆಗೆ ತೆರೆದು 6 ಗಂಟೆ 40 ನಿಮಿಷಕ್ಕೆ ಮುಚ್ಚುತ್ತದೆ. ಆದ್ದರಿಂದ ತಡವಾಗಿ ಬಂದವನಂತೆಯೇ ಅತಿ ಬೇಗ ಬಂದವನೂ ಬಾಗಿಲ ಮುಂದೆ ನಿಲ್ಲಬೇಕಾಗುತ್ತದೆ, ಇದು ಯಾವ ಕಚೇರಿಗೂ ಹೊಸದಲ್ಲ. ಒಳದಾರಿ ಹಿಡಿಯುವ ಜಾಣರಿಗಾಗಿ ಮುಂಚಿತವಾಗಿ ಪ್ರಕಟಿಸದ ರಹಸ್ಯ ಕಂಟ್ರೋಲುಗಳೂ ಉಂಟು. ನಮ್ಮ ಕಡೆಯ ಸವಾರಿಗಳಲ್ಲಿ ನಡುರಾತ್ರಿ ಮುದ್ರೆ ಒತ್ತಲು ಜನವಿಲ್ಲದೆಡೆ ಅಂಗಡಿಯ ರಸೀದಿಯೋ ಎಟಿಎಂ ಚೀಟಿಯೋ ಸಾಕ್ಷಿಯಾಗಿ ಸಲ್ಲುವುದುಂಟು. ಹೀಗಾಗಿ ಬೆಳಗಿನ ಜಾವ ಮೂರು ಗಂಟೆಗೆ ಹೆದ್ದಾರಿಯ ಬದಿಯ ಎಟಿಎಂ ಕೋಣೆಗೆ ಹೆಲ್ಮೆಟ್ ಮತ್ತು ಮಿನುಗುವ ಜಾಕೆಟ್ ಧರಿಸಿದ ವ್ಯಕ್ತಿಯೊಬ್ಬನು ನುಗ್ಗಿ, ಹಣ ತೆಗೆಯದೆ ಕೇವಲ ಬಾಕಿ ಮೊತ್ತದ ಚೀಟಿ ಪಡೆದು, ಅದನ್ನು ಪ್ಲಾಸ್ಟಿಕ್ ಚೀಲದೊಳಗೆ ಭಕ್ತಿಯಿಂದ ಇಟ್ಟುಕೊಂಡು, ಅಲ್ಲೇ ನೆಲದ ಮೇಲೆ ಇಪ್ಪತ್ತು ನಿಮಿಷ ಮಲಗಿದರೆ ಕಾವಲುಗಾರನು ಪೊಲೀಸರನ್ನು ಕರೆಯಬೇಕಾದ್ದಿಲ್ಲ. ಹೊರಗಿನವರ ನೆರವಿನ ನಿಯಮವೂ ಇಷ್ಟೇ ಕಟ್ಟುನಿಟ್ಟು: ಅದಕ್ಕೆ ಅವಕಾಶವಿರುವುದು ಕಂಟ್ರೋಲುಗಳಲ್ಲಿ ಮಾತ್ರವಾದ್ದರಿಂದ, ದಾರಿಯ ನಡುವೆ ಸ್ವಂತ ದುಡ್ಡಿನಿಂದ ಕೊಂಡ ಎಳನೀರು ಸಿಂಧು, ಭಾವಮೈದುನನು ಕಾರಿನಲ್ಲಿ ತಂದುಕೊಟ್ಟ ಎಳನೀರು ಅಸಿಂಧು.

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ವಾಯವ್ಯಕ್ಕೆ ಹೊರಟವರು ಕ್ಯಾತ್ಸಂದ್ರದ ತಟ್ಟೆ ಇಡ್ಲಿಯವರೆಗೆ ಸಾಮಾನ್ಯವಾಗಿ ನಗುತ್ತಲೇ ಇರುತ್ತಾರೆ. ಸ್ನಾಯು ಮತ್ತು ಯಕೃತ್ತುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟ ಶಕ್ತಿ ಸುಮಾರು 2000 ಕಿಲೋಕ್ಯಾಲರಿ ಮಾತ್ರವಾದ್ದರಿಂದ ಮತ್ತು ಅದು ಕೆಲವೇ ಗಂಟೆಗಳಲ್ಲಿ ಕರಗುವುದರಿಂದ, ಹಸಿವಾಗುವ ಮೊದಲೇ ತಿನ್ನುತ್ತಿರಬೇಕೆಂಬುದು ಈ ವಿದ್ಯೆಯ ಸರ್ವಸಮ್ಮತ ಸೂತ್ರ. ಬಹುಶಃ ಇದರ ಸೂತ್ರಗಳಲ್ಲೆಲ್ಲ ಶ್ರದ್ಧೆಯಿಂದ ಪಾಲನೆಯಾಗುವುದು ಇದೊಂದೇ. ಹಿರಿಯೂರು ದಾಟಿದ ಮೇಲೆ ದೃಶ್ಯ ಬದಲಾಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಕಾರಿನಲ್ಲಿ ಹೋಗುವವರು ಮೆಚ್ಚಿ ಚಿತ್ರ ತೆಗೆದುಕೊಳ್ಳುತ್ತಾರೆ, ಆದರೆ ಸೈಕಲ್ ಸವಾರನಿಗೆ ಅವು ಬೇರೆಯೇ ಅರ್ಥವನ್ನು ಸೂಚಿಸುತ್ತವೆ: ಇಲ್ಲಿ ಬೀಸುವ ಗಾಳಿಯನ್ನು ತಜ್ಞರು ಅಳೆದು ನೋಡಿ, ಕೋಟಿಗಟ್ಟಲೆ ಬಂಡವಾಳ ಹೂಡುವಷ್ಟು ಭರವಸೆಯದೆಂದು ಪ್ರಮಾಣೀಕರಿಸಿದ್ದಾರೆ. ಆ ಗಾಳಿ ಹೋಗುವಾಗ ಎದುರಿಗಿದ್ದರೆ ಬರುವಾಗ ಬೆನ್ನಿಗಿರಬೇಕೆಂಬುದು ತರ್ಕ. ಆದರೆ ಸವಾರರು ಪರಸ್ಪರ ಹೇಳಿಕೊಳ್ಳುವ ವೃತ್ತಾಂತಗಳಲ್ಲಿ ಬೆನ್ನಿಗಿದ್ದ ಗಾಳಿಯ ಉಲ್ಲೇಖ ಎಲ್ಲೂ ಸಿಗುವುದಿಲ್ಲ.

ಎರಡನೆಯ ರಾತ್ರಿಯ ಹೊತ್ತಿಗೆ ದೇಹದ ವಿವಿಧ ಇಲಾಖೆಗಳು ಒಂದೊಂದಾಗಿ ರಜೆ ಹಾಕತೊಡಗುತ್ತವೆ. ಹ್ಯಾಂಡಲಿನ ಮೇಲೆ ಗಂಟೆಗಟ್ಟಲೆ ಭಾರ ಹಾಕುವುದರಿಂದ ಅಂಗೈಯಲ್ಲಿ ಹಾದುಹೋಗುವ ಅಲ್ನಾರ್ ನರವು ಒತ್ತಿಹೋಗಿ ಕಿರುಬೆರಳು, ಉಂಗುರಬೆರಳುಗಳು ಜೋಮು ಹಿಡಿಯುತ್ತವೆ, ಮತ್ತು ಈ ಜೋಮು ವಾರಗಟ್ಟಲೆ ಉಳಿದು ಅಂಗಿಯ ಗುಂಡಿ ಹಾಕುವುದನ್ನೂ ಬ್ಯಾಂಕಿನ ಚೆಕ್ಕಿಗೆ ಸಹಿ ಮಾಡುವುದನ್ನೂ ಸಂಶಯಾಸ್ಪದವಾಗಿಸಬಲ್ಲದು. ಇನ್ನೂ ದೂರ ಹೋದವರಿಗೆ ಕುತ್ತಿಗೆಯ ಸ್ನಾಯುಗಳು ತಲೆಯನ್ನು ಎತ್ತಿಹಿಡಿಯಲು ನಿರಾಕರಿಸುವ ಸ್ಥಿತಿಯೊದಗುತ್ತದೆ. 1983ರಲ್ಲಿ ಅಮೆರಿಕವನ್ನು ಅಡ್ಡಹಾಯುವ ರೇಸ್ ಅಕ್ರಾಸ್ ಅಮೆರಿಕ ಸ್ಪರ್ಧೆಯಲ್ಲಿ ಅದಕ್ಕೆ ತುತ್ತಾದ ಮೈಕೆಲ್ ಶರ್ಮರ್ ಎಂಬವನ ಹೆಸರಿನಿಂದಲೇ ಅದನ್ನು ಶರ್ಮರ್ ಕುತ್ತಿಗೆ ಎಂದು ಕರೆಯುತ್ತಾರೆ. ಅದೇ ವರ್ಷ ನಿದ್ರೆಗೆಟ್ಟ ಈ ಮಹನೀಯನು ತನ್ನ ನೆರವಿಗೆ ಬಂದಿದ್ದ ತಂಡದವರನ್ನೇ ಅನ್ಯಗ್ರಹದ ಜೀವಿಗಳೆಂದು ಭಾವಿಸಿದ್ದನು. ಮುಂದೆ ಅವನು ಇಂತಹ ನಂಬಿಕೆಗಳನ್ನೆಲ್ಲ ತರ್ಕದಿಂದ ಖಂಡಿಸುವ ಪ್ರಸಿದ್ಧ ಸಂದೇಹವಾದಿ ಲೇಖಕನಾದುದನ್ನು ನೋಡಿದರೆ, ಸಂಶೋಧನೆಗೆ ಪ್ರತ್ಯಕ್ಷಾನುಭವ ಬೇಕೆಂಬ ಮಾತು ನಿಜವೆನ್ನಿಸುತ್ತದೆ. ಸುಮಾರು 4800 ಕಿಲೋಮೀಟರುಗಳ ಆ ಸ್ಪರ್ಧೆಯನ್ನು ಒಬ್ಬಂಟಿಯಾಗಿ ಪೂರೈಸಿದ ಮೊದಲ ಭಾರತೀಯ, 2017ರಲ್ಲಿ, ಸೇನೆಯ ವೈದ್ಯ ಶ್ರೀನಿವಾಸ ಗೋಕುಲನಾಥ್. ರೋಗವನ್ನೂ ರೋಗಿಯನ್ನೂ ಏಕಕಾಲದಲ್ಲಿ ಒಳಗಿನಿಂದ ಬಲ್ಲವರು ಹೊರಟದ್ದು ಉಚಿತವೇ ಆಗಿದೆ.

ಮುದ್ರೆಯವರ ಪಾಲಿನ ಮಹಾಯಾತ್ರೆ ಮಾತ್ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. ಪ್ಯಾರಿಸ್ಸಿನಿಂದ ಅಟ್ಲಾಂಟಿಕ್ ತೀರದ ಬ್ರೆಸ್ಟ್ ಪಟ್ಟಣಕ್ಕೆ ಹೋಗಿ ಹಿಂದಿರುಗುವ ಈ 1200 ಕಿಲೋಮೀಟರುಗಳ ಸವಾರಿಯನ್ನು 1891ರಲ್ಲಿ ಪತ್ರಕರ್ತ ಪಿಯೇರ್ ಜಿಫಾರ್ ಆರಂಭಿಸಿದನು. ಆಗ ಅದು ಪಂದ್ಯವಾಗಿತ್ತು, ಮತ್ತು ಮೂರು ರಾತ್ರಿ ಕಣ್ಣು ಮುಚ್ಚದೆ ಅದನ್ನು ಗೆದ್ದವನು ಶಾರ್ಲ್ ತೆರೋಂ. 1931ರಲ್ಲಿ 49 ಗಂಟೆ ಚಿಲ್ಲರೆ ಸಮಯದಲ್ಲಿ ಗೆದ್ದ ಆಸ್ಟ್ರೇಲಿಯದ ಹ್ಯೂಬರ್ಟ್ ಆಪರ್‌ಮನ್ ಮುಂದೆ ತನ್ನ ದೇಶದ ವಲಸೆ ಖಾತೆಯ ಸಚಿವನಾದನು, ಅಂದರೆ ಪಾಸ್‌ಪೋರ್ಟುಗಳಿಗೆ ಮುದ್ರೆ ಒತ್ತುವ ಸಮಸ್ತ ವ್ಯವಸ್ಥೆಯ ಒಡೆಯನಾದನು. ಈ ಪ್ರಬಂಧದ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. 1951ರ ನಂತರ ವೃತ್ತಿಪರರು ಹಿಂದೆ ಸರಿದು ಇಡೀ ದಾರಿ ಮುದ್ರೆಯವರದೇ ಆಯಿತು. ಈಗ ನಾಲ್ಕು ವರ್ಷಗಳಿಗೊಮ್ಮೆ ಸಾವಿರಾರು ಜನ, ಅವರಲ್ಲಿ ಕರ್ನಾಟಕದಿಂದ ಪೆಟ್ಟಿಗೆಗಳಲ್ಲಿ ಸೈಕಲ್ ಬಿಚ್ಚಿ ತುಂಬಿಕೊಂಡು ಹೋದವರೂ, 90 ಗಂಟೆಗಳ ಗಡುವಿನೊಳಗೆ ಸುಮಾರು 12,000 ಮೀಟರ್ ಏರಿಳಿದು ಬರುತ್ತಾರೆ. ಅಲ್ಲಿಗೆ ಹೋಗಲು ಅದೇ ವರ್ಷ 200ರಿಂದ 600ರವರೆಗಿನ ನಾಲ್ಕೂ ಸವಾರಿಗಳನ್ನು ಮುಗಿಸಿರಬೇಕೆಂಬ ನಿಯಮವಿರುವುದರಿಂದ, ಹಳೆಯ ಮುದ್ರೆಗಳನ್ನು ತೋರಿಸಿ ಹೊಸ ಮುದ್ರೆಯನ್ನು ಪಡೆಯುವ ಪರಿಪಾಠ ಇಲ್ಲೂ ತಪ್ಪಿದ್ದಲ್ಲ.

ಸವಾರಿ ಮುಗಿದ ಮೇಲೆ ಕಾರ್ಡು ಸಂಘಟಕರ ಕೈ ಸೇರಿ, ಫಲಿತಾಂಶವು ಪ್ಯಾರಿಸ್ಸಿಗೆ ರವಾನೆಯಾಗಿ, ಪರಿಶೀಲನೆಯ ಬಳಿಕ ಪ್ರತಿ ಸವಾರಿಗೂ ಒಂದು ಕ್ರಮಸಂಖ್ಯೆ ದೊರೆಯುತ್ತದೆ. ಗಡುವಿಗೆ ಹತ್ತು ಗಂಟೆ ಮೊದಲೇ ಬಂದವನಿಗೂ, ಕೊನೆಯ ನಿಮಿಷದಲ್ಲಿ ಎಡಗೈಯಿಂದ ಗಲ್ಲವನ್ನು ಆನಿಸಿಕೊಂಡು ಬಂದವನಿಗೂ ದೊರೆಯುವ ಗೌರವ ಒಂದೇ. ಪದಕವೊಂದುಂಟು, ಆದರೆ ಅದು ತಾನಾಗಿ ಬರುವುದಿಲ್ಲ. ಬೇಕಾದವರು ಬೇರೆಯಾಗಿ ಹಣ ಕಟ್ಟಿ ಕೇಳಿಕೊಳ್ಳಬೇಕು, ಮತ್ತು ಅದು ಅಂಚೆಯಲ್ಲಿ ಬರುವ ಹೊತ್ತಿಗೆ ಸಾಮಾನ್ಯವಾಗಿ ಬೆರಳುಗಳ ಜೋಮು ಬಿಟ್ಟಿರುವುದರಿಂದ ಸಹಿ ಮಾಡಿ ಪಡೆಯಲು ಅಡ್ಡಿಯಿರುವುದಿಲ್ಲ.